ಸೋಮವಾರ ಹಿಂಡದ ಹಾಲು

ಆ ದಿನ ನಸುಕಿನಿಂದಲೇ ಸಗರದ ಮೇಲೆ ಜಿಟಿಜಿಟಿ ಮಳೆ ಹಿಡಿದಿತ್ತು. ಗಾಳಿಯಿಲ್ಲ, ಗುಡುಗಿಲ್ಲ, ಜರಡಿಯಿಂದ ಹಿಟ್ಟು ಉದುರಿದಂತೆ ಸಣ್ಣ ಹನಿ ಒಂದೇ ಸಮನೆ ಉದುರುತ್ತಿತ್ತು. ಒಲೆಯ ಹೊಗೆ ಮೇಲೇಳಲಾರದೆ ಮಾಳಿಗೆಗಳ ಮೇಲೇ ಮಲಗಿತ್ತು. ಓಣಿಯ ಎರೆಮಣ್ಣು ನೀರುಂಡು ಉಬ್ಬಿ, ನಡೆಯುವವರ ಕಾಲು ಹಿಡಿದು ಬಿಡಲೊಲ್ಲದಾಗಿತ್ತು. ಶ್ರಾವಣದ ಸೋಮವಾರ ಬೇರೆ. ಗುಡಿಯ ಗಂಟೆಯ ಸಪ್ಪಳವೂ ಮಳೆಯಲ್ಲಿ ತೊಯ್ದು ಬಂದಂತೆ ಮೆತ್ತಗೆ ಕೇಳುತ್ತಿತ್ತು.

ಶೇಖಮ್ಮ ಗೋಣಿಚೀಲದ ಕೊಪ್ಪೆ ತಲೆಗೆ ಹಾಕಿಕೊಂಡು ಕೊಟ್ಟಿಗೆಗೆ ಬಂದಳು. ದಿನಾಲು ಅವಳ ಹೆಜ್ಜೆಯ ಸಪ್ಪಳಕ್ಕೇ ಎದ್ದು ನಿಂತು ಕಿವಿ ತಿರುಗಿಸುವ ಚಂದ್ರಿ ಆಕಳು ಇವತ್ತು ಏಳಲಿಲ್ಲ. ಸೋರಿದ ನೀರು, ಗಂಜಲ, ಸೆಗಣಿ ಎಲ್ಲ ಒಂದಾಗಿ ನಿಂತ ತಗ್ಗಿನಲ್ಲೇ ಹೊಟ್ಟೆ ಊರಿ ಮಲಗಿತ್ತು. ಮುಂದಿದ್ದ ಜೋಳದ ಕಣಿಕೆಯ ಮೇವು ರಾತ್ರಿ ಹಾಕಿದ್ದು ಹಾಕಿದಂತೆಯೇ ಇತ್ತು. ಶೇಖಮ್ಮ ಬೆನ್ನು ಚಪ್ಪರಿಸಿ, ಬಾಲದ ಬುಡ ತೀಡಿ, "ಏಳವ್ವ, ಏಳು" ಎಂದು ಎಬ್ಬಿಸಿದಳು. ಆಕಳು ಎದ್ದಿತು. ಎದ್ದು ಹಿಂಗಾಲುಗಳನ್ನು ಅಗಲಿಸಿ ನಿಂತಿತು, ನಡುವೆ ಏನೋ ಮುಳ್ಳು ಸಿಕ್ಕಿಕೊಂಡವರ ಹಾಗೆ.

ಬಗ್ಗಿ ನೋಡಿದಳು. ಕೆಚ್ಚಲಿನ ಹಿಂದಿನ ಎಡಭಾಗ ಕೆಂಪಗೆ ಉಬ್ಬಿತ್ತು. ಅಂಗೈ ಇಟ್ಟರೆ ಹೆಂಚು ಮುಟ್ಟಿದಷ್ಟು ಬಿಸಿ. ಒತ್ತಿದರೆ ಒಳಗೆ ಕಲ್ಲು. ಆಕಳು ನೋವಿಗೆ ಕಾಲು ಝಾಡಿಸಿತು.

ಬುಧವಾರ ಮುಂಜಾನೆ ಕುಬ್ರಾಬೇಗಂ ಬರುವವಳಿದ್ದಳು, ಈ ಆಕಳನ್ನು ಒಯ್ಯಲು.

ಚಂದ್ರಿ ಅವರ ಮನೆಯ ಆಕಳಲ್ಲ, ಪಾಲಿನ ಆಕಳು. ಕುಬ್ರಾಬೇಗಂನ ಗಂಡ ಹೈದರಾಬಾದಿನ ಆಳಿಕೆಯಲ್ಲಿ ಶಹಾಪುರದ ತಹಸೀಲು ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಷ್ಕಾರನಾಗಿದ್ದವನು. ಅವರ ಅಂಗಳ ಸಣ್ಣದು, ಮೇವಿಗೆ ತ್ರಾಸು. ಹೀಗಾಗಿ ಆಕಳನ್ನು ಸಗರಕ್ಕೆ ಕಳಿಸಿ ಶೇಖಮ್ಮನ ಗಂಡ ಸಾಬಣ್ಣನ ಮನೆಯಲ್ಲಿ ಪಾಲಿಗೆ ಹಾಕಿದ್ದರು. ಮೇವು, ದುಡಿತ ಸಾಕುವವರದು, ಹಾಲೂ ಅವರದು. ಮೊದಲ ಕರು ಆಕಳ ಒಡೆಯನಿಗೆ, ಎರಡನೆಯದು ಸಾಕಿದವರಿಗೆ. ಒಡೆಯರು ಕೇಳಿದಾಗ ಆಕಳನ್ನು, ಕೊಟ್ಟಾಗ ಹೇಗಿತ್ತೋ ಹಾಗೆ ನಾಲ್ಕು ಮೊಲೆ ನೆಟ್ಟಗಿಟ್ಟು ತಿರುಗಿ ಕೊಡಬೇಕು. ಸಾಕಿದವರ ಕೈಯಲ್ಲಿ ಒಂದು ಮೊಲೆ ಕೆಟ್ಟರೂ ಅವರ ಪಾಲಿನ ಕರು ಆಕಳ ಹಿಂದೆ ಹೋಗಬೇಕು. ಇದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಆ ಸೀಮೆಯಲ್ಲಿ ಆಕಳನ್ನು ಪಾಲಿಗೆ ಹಾಕುವಾಗ ಹಗ್ಗವನ್ನು ಕೈಯಿಂದ ಕೈಗೆ ಕೊಡುತ್ತಾರೆ, ಅಷ್ಟೆ.

ನಂತರ ಕಾಲ ತಿರುಗಿತು. ನಿಜಾಮರ ಆಳಿಕೆ ಹೋಯಿತು. ಕಚೇರಿಯ ಕಾಗದಗಳ ಅಕ್ಷರ ಬದಲಾಯಿತು, ಕುರ್ಚಿಗಳ ಮೇಲಿನ ಮಂದಿ ಬದಲಾದರು. ಪೇಷ್ಕಾರ ನೌಕರಿ ಕಳೆದುಕೊಂಡು, ಅದೇ ಕೊರಗಿನಲ್ಲಿ ಕಣ್ಣು ಮುಚ್ಚಿದ. ಈಗ ಬೇಗಂ ಯಾದಗಿರಿಯಲ್ಲಿ ತಂಗಿಯ ಮನೆ ಸೇರುವವಳಿದ್ದಳು. ಸ್ಟೇಷನ್ನಿನ ಹತ್ತಿರ ಚಹಾದ ಹೊಟೇಲುಗಳಿವೆ, ಹಾಲಿಗೆ ಗಿರಾಕಿ ಇದೆ, ಒಂದು ಆಕಳಿದ್ದರೆ ಯಾರ ಹಂಗಿಲ್ಲದೆ ಎರಡು ರೊಟ್ಟಿ ತಿನ್ನಬಹುದು ಎಂದು ಹೋದ ವಾರ ಹೇಳಿ ಕಳಿಸಿದ್ದಳು.

ಆ ಮಾತು ಕೇಳಿ ಶೇಖಮ್ಮನಿಗೆ ಕೆಡುಕೆನಿಸಿದರೂ ಒಳಗೊಳಗೆ ಒಂದು ಸಮಾಧಾನವಿತ್ತು. ಆಕಳು ಹೋದರೂ ಕರು ಉಳಿಯುತ್ತದೆ. ಮೊದಲಿನದು ಹೋರಿಗರು, ಬೇಗಂನ ಪಾಲಿಗೆ ಹೋಗಿತ್ತು. ಹೋಳಿಯ ಮುಂದೆ ಹುಟ್ಟಿದ ಈ ಹೆಣ್ಣುಗರು ಶೇಖಮ್ಮನದು. ಅತ್ತೆ ಭೀಮವ್ವ ಓಣಿಯ ನಾಲ್ಕು ಹೆಂಗಸರ ಮುಂದೆ, "ಕಣಿಕಿ ಹೊತ್ತಾಕಿ ಆಕಿ, ಈ ಕರ ಆಕೀದು" ಎಂದು ಹೇಳಿದ್ದಳು. ಮದುವೆಯಾಗಿ ಬಂದಾಗಿನಿಂದ ಶೇಖಮ್ಮ ಸಾಕಿದ್ದೆಲ್ಲ ಮಂದಿಯ ದನ. ತನ್ನದು ಎನ್ನುವ ಒಂದು ಕೊರಳಿಗೆ ಗೆಜ್ಜೆ ಕಟ್ಟುವ ಆಸೆ ಅವಳಿಗೆ ಬಹಳ ದಿನದ್ದು.

ಆ ಆಸೆಯೇ ಅವಸರ ಮಾಡಿಸಿತು. ತಾಯಿ ಹೋಗುವುದರೊಳಗೆ ಕರು ಮೊಲೆ ಮರೆಯಬೇಕು, ಇಲ್ಲವಾದರೆ ಒದರಿ ಒದರಿ ಸೊರಗುತ್ತದೆ ಎಂದು ಭೀಮವ್ವ ಹೇಳಿದಳು. "ಮೊಲಿಗಿ ಜರಾ ಹೆಂಡಿ ಸವರು. ವಾಸನಿ ಬಡದು ತಾನೇ ದೂರ ಸರೀತದ." ಆ ಊರಲ್ಲಿ ಎಲ್ಲರೂ ಮಾಡುವುದೇ ಅದು. ಶುಕ್ರವಾರದಿಂದ ಶೇಖಮ್ಮ ತಾನೇ ಸೆಗಣಿ ಕದಡಿ ನಾಲ್ಕೂ ಮೊಲೆಗಳಿಗೆ ಸವರಿದ್ದಳು. ಕರುವನ್ನು ಎತ್ತರದ ಒಣ ಮೂಲೆಗೆ ಕಟ್ಟಿ, ಆಕಳನ್ನು ಮಾಳಿಗೆ ಸೋರುವ ತಗ್ಗಿಗೆ ಸರಿಸಿದ್ದೂ ಕರು ತಾಯಿಗೆ ನಿಲುಕದಿರಲಿ ಎಂದೇ. ಹಸಿಹುಲ್ಲಿನ ಕಾಲ, ಕೆಚ್ಚಲು ದಿನಾಲು ತುಂಬುತ್ತಿತ್ತು. ಕುಡಿಯುವ ಬಾಯಿ ಮಾತ್ರ ಇರಲಿಲ್ಲ. ರವಿವಾರ ಸಂಜೆ ಶೇಖಮ್ಮ ಹೊಲದಿಂದ ಬರುವುದು ತಡವಾಗಿ ಸಾಬಣ್ಣನೇ ಹಿಂಡಿದ್ದ. ಅವನದು ಹೆಬ್ಬೆರಳು ಮಡಚಿ ಗಿಣ್ಣಿನಿಂದ ಜಗ್ಗಿ ಹಿಂಡುವ ಕೈ. ಮೊಲೆ ಸೀಳಿದ್ದು ಅವನಿಗೆ ಕಂಡಿರಲಿಲ್ಲ. ಸೀಳಿದ ಮೊಲೆಗೆ ಮತ್ತೆ ಸೆಗಣಿ ಬಿದ್ದಿತ್ತು.

ಶೇಖಮ್ಮ ಹಿತ್ತಲ ಬಾಗಿಲಿನಿಂದ ಕರೆದಳು. "ಅತ್ತೀ, ಜರಾ ಬರ್ರಿ ಇಲ್ಲಿ. ಚಂದ್ರೀದು ಕೆಚ್ಚಲ ನೋಡ್ರಿ."

ಭೀಮವ್ವ ಆಗಷ್ಟೇ ಮೈತೊಳೆದು ಮನೆದೇವರು ಮಲ್ಲಯ್ಯನ ಮುಂದೆ ದೀಪ ಹಚ್ಚಿ ಎದ್ದಿದ್ದಳು. ಹಣೆ ತುಂಬ ಭಂಡಾರದ ಅರಿಷಿಣ. ಕೊಟ್ಟಿಗೆಗೆ ಬಂದು, ದೂರದಿಂದಲೇ ಬಗ್ಗಿ ನೋಡಿ, ನೆಟ್ಟಗಾದಳು.

"ನೆದರ ಆಗೇದ, ಕೆಟ್ಟ ಕಣ್ಣ ಬಿದ್ದದ. ನಿನ್ನಿ ಬಾಜೂ ಮನಿ ದುರಗಮ್ಮ ಮಜ್ಜಿಗಿಗಿ ಬಂದಾಕಿ, ಎಷ್ಟ ತುಂಬೇದ ನೋಡ ಕೆಚ್ಚಲ ಅಂತ ಕಣ್ಣ ಅಗಲ ಮಾಡಿ ನೋಡಿದ್ಳು. ನಾ ಅವಾಗೇ ಅಂದಕೊಂಡೆ."

"ನೆದರ ಆಗಿದ್ರ ತೆಗೀರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಒಳಗಿನ ಹಾಲ ಹೊರಗ ಬರಬೇಕ್ರಿ. ನಮ್ಮ ತವರಮನ್ಯಾಗ ಕುರಿ ಕೆಚ್ಚಲ ಹಿಂಗ ಕಲ್ಲಾದ್ರ ನಮ್ಮಪ್ಪ ಹಿಂಡಿ ಹಿಂಡಿ ಚೆಲ್ಲತಿದ್ದ. ಹಾಲ ನಿಂತಷ್ಟೂ ಕೆಡ್ತದ ಅಂತಿದ್ದ." ಶೇಖಮ್ಮನ ತವರು ವನದುರ್ಗ, ಕೋಟೆಯ ಸುತ್ತಿನ ಗುಡ್ಡದಲ್ಲಿ ಅವರದು ಕುರಿ ಹಿಂಡು.

"ಇವತ್ತ ಯಾವ ವಾರ?" ಎಂದಳು ಭೀಮವ್ವ.

ವಾರ ಯಾವುದೆಂದು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಸಾಬಣ್ಣ ಇನ್ನೂ ತೊಟ್ಟಿಲ ಕೂಸಾಗಿದ್ದಾಗ ಊರಿಗೆ ವಾಂತಿಭೇದಿ ಬಂದಿತ್ತು. ಕೂಸು ಕಣ್ಣು ಮೇಲೆ ಮಾಡಿದ ದಿನ ಭೀಮವ್ವ ಮಲ್ಲಯ್ಯನಿಗೆ ಸೆರಗೊಡ್ಡಿ ಬೇಡಿಕೊಂಡಿದ್ದಳು: ನನ್ನ ಕೂಸಿನ ಬಾಯಿಗೆ ಹಾಲು ಉಳಿಸು, ಶ್ರಾವಣದ ಸೋಮವಾರ ನನ್ನ ಮನೆಯ ಕೆಚ್ಚಲಿಗೆ ಕೈ ಹಚ್ಚುವುದಿಲ್ಲ, ಆವತ್ತಿನ ಹಾಲೆಲ್ಲ ಕರುವಿನ ಬಾಯಿಗೆ ಎಂದು. ಕೂಸು ಉಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಆ ಮಾತು ತಪ್ಪಿರಲಿಲ್ಲ. ಸೋಮವಾರ ಬಂತೆಂದರೆ ಕರು ಹೊಟ್ಟೆ ಬಿರಿಯುವಷ್ಟು ಕುಡಿದು, ಮೂಗಿಗೆ ನೊರೆ ಹಚ್ಚಿಕೊಂಡು ಅಂಗಳ ತುಂಬ ಜಿಗಿಯುತ್ತಿತ್ತು. ಅದನ್ನು ನೋಡುತ್ತ ಭೀಮವ್ವ ಕೈಮುಗಿಯುತ್ತಿದ್ದಳು. ದೇವರಿಗೆ ಕೊಟ್ಟದ್ದು ಕಣ್ಣೆದುರೇ ದೇವರಿಗೆ ಮುಟ್ಟುವುದನ್ನು ನೋಡುವ ಭಾಗ್ಯ ಎಷ್ಟು ಮಂದಿಗಿದೆ?

"ಸಂಜೀ ತನಕ ತಡಿ," ಎಂದಳು ಭೀಮವ್ವ, ದನಿ ಇಳಿಸಿ. "ದೀಪ ಹಚ್ಚಿದ ಮ್ಯಾಲ ವಾರ ಮುಗೀತದ. ಅವಾಗ ಹಿಂಡು."

ಅತ್ತೆಯ ಮಾತು ಮೀರಿ ನಡೆದವಳಲ್ಲ ಶೇಖಮ್ಮ. ಹ್ಞೂಂ ಎಂದಳು. ಆದರೆ ಕೈ ಸುಮ್ಮನಿರಲಿಲ್ಲ. ಆಕಳನ್ನು ತಗ್ಗಿನಿಂದ ಬಿಚ್ಚಿ ಒಣಗಿದ್ದ ಕಡೆ ಕಟ್ಟಿದಳು. ಸಾಬಣ್ಣ ಒಲೆಯ ಬೂದಿ ತಂದು ಕಾಲಡಿ ಹರವಿದ.

"ಏನಾಗೇದ ಅಂತೀ?" ಎಂದು ಕೇಳಿದ ಅವನು, ಕೆಚ್ಚಲು ನೋಡದೆ.

"ನಿಮ್ಮ ಹೆಬ್ಬೆರಳ ಕೇಳ್ರಿ ಏನಾಗೇದ ಅಂತ."

"ನಂದೊಂದೇ ಹೆಬ್ಬೆರಳ ಕಂಡಿತೇನು ನಿನಗ? ಹೆಂಡಿ ಬಡದಾಕಿ ಯಾರು?"

ಶೇಖಮ್ಮ ಬಿಸಿನೀರು ಕಾಸಿ ತಂದು ನಾಲ್ಕೂ ಮೊಲೆಗಳ ಸೆಗಣಿಯನ್ನು ತೊಳೆದಳು. ತೊಳೆಯುವುದು ಹಿಂಡುವುದಲ್ಲವಲ್ಲ ಎಂದು ಮನಸ್ಸಿನಲ್ಲೇ ಮಲ್ಲಯ್ಯನಿಗೆ ಹೇಳಿಕೊಂಡಳು. ಎಡಮೊಲೆಯ ತುದಿಯಲ್ಲಿ ಸೀಳು ಕಂಡಿತು, ಸೀಳಿನೊಳಗೆ ಹಸಿರು ಗೆರೆಯ ಹಾಗೆ ಸೆಗಣಿ ಕುಳಿತಿತ್ತು. ನಂತರ ಕರುವನ್ನು ಬಿಟ್ಟು ನೋಡಿದಳು. ಕರು ಓಡಿ ಬಂತು, ಕೆಚ್ಚಲಿಗೆ ಮೂತಿ ಹಚ್ಚಿತು, ಮೂಸಿತು. ಕಲಿಸಿದ ಪಾಠ ಚೆನ್ನಾಗಿ ಕಲಿತಿತ್ತು. ಮೂಗು ಸೀನಿ ಹಿಂದೆ ಸರಿಯಿತು. ಬೆರಳಿಗೆ ಬೆಲ್ಲ ಹಚ್ಚಿ, ಬಾಯಿಗಿಟ್ಟು, ಮೆಲ್ಲಗೆ ಮೊಲೆಗೆ ತಂದಳು. ಬಹಳ ಹೊತ್ತಿಗೆ ಬಲಗಡೆಯ ಮೊಲೆಗಳನ್ನು ಹಿಡಿದು ಚೂರು ಕುಡಿಯಿತು, ಮುಂದಿನ ಎಡಮೊಲೆಯನ್ನೂ ಎಳೆಯಿತು. ಹಿಂದಿನ ಎಡಮೊಲೆಗೆ ಬಾಯಿ ಹಾಕಿದ್ದೇ ತಡ, ಆಕಳು ಒದೆಯಿತು. ಕರು ಗೋಡೆಗೆ ಬಡಿದು ಬಿದ್ದಿತು. ಮತ್ತೆ ಹತ್ತಿರ ಬರಲಿಲ್ಲ.

ಹೊತ್ತು ಏರಿತು, ಮಳೆ ಬಿಡಲಿಲ್ಲ. ಭೀಮವ್ವ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಆಕಳಿಗೆ ಇಳಿಸಿದಳು. ಆದವರ ಕಣ್ಣು, ಹೋದವರ ಕಣ್ಣು ಎಂದು ಗೊಣಗುತ್ತ ತಲೆಯಿಂದ ಬಾಲದವರೆಗೆ ಸುತ್ತು ತಂದು ಕೆಂಡಕ್ಕೆ ಹಾಕಿದಳು. ನೆದರು ಆಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ. ಅದು ಅವಳು ಜೀವಮಾನವಿಡೀ ನಂಬಿದ ಪರೀಕ್ಷೆ. ಕೆಂಡದಿಂದ ಹೊಗೆ ಎದ್ದಿತು. ಎದ್ದ ಹೊಗೆ ಕೊಟ್ಟಿಗೆ ತುಂಬಿ ಎಲ್ಲರ ಗಂಟಲಿಗೆ ಬಡಿಯಿತು. ಸಾಬಣ್ಣ ಕೆಮ್ಮಿದ, ಶೇಖಮ್ಮ ಕೆಮ್ಮಿದಳು, ಕರು ಸೀನಿತು. ಭೀಮವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಗೋಡೆಯ ಆಚೆಯಿಂದ ನೆರೆಮನೆಯ ದುರಗಮ್ಮನ ದನಿ ಬಂತು. "ಏನ ಭೀಮಕ್ಕಾ, ಯಾರ ಹೆಸರಲೆ ಸುಡಾಕತ್ತೀದಿ ಮೆಣಸಿನಕಾಯಿ? ನಂದೇ ಇರಬೇಕು."

"ನಿಂದೂ ಅದ, ಊರಾಗಿನ ಎಲ್ಲಾರದೂ ಅದ. ನಿನಗ್ಯಾಕ ಅಷ್ಟ ಅನುಮಾನ?"

"ಅನುಮಾನ ಎಲ್ಲೀದು. ಘಾಟು ನಮ್ಮ ಪಡಸಾಲಿ ತನಕ ಬಂದಾದ. ನನ್ನ ಕಣ್ಣ ಖುಲಾಸ ಆತು ಬಿಡು." ದುರಗಮ್ಮ ಕೆಮ್ಮುತ್ತಲೇ ನಕ್ಕಳು. ಬಳಿಕ ದನಿ ಬದಲಿಸಿ, "ಆಕಳಿಗೆ ಹೆಂಗದ?" ಎಂದಳು.

ಭೀಮವ್ವ ಕೆಂಡದತ್ತ ನೋಡುತ್ತ ನಿಂತಳು. ಘಾಟು ಬಂದಿತ್ತು, ಅಂದರೆ ನೆದರಲ್ಲ. ನೆದರಲ್ಲದಿದ್ದರೆ ಮತ್ತೇನು? ಅವಳ ಮುಖದಲ್ಲಿ ಆ ಪ್ರಶ್ನೆ ಬಂದು ಕುಳಿತದ್ದನ್ನು ಶೇಖಮ್ಮ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಆಕಳ ಕಿವಿ ತಣ್ಣಗಾದವು. ಮೂಗಿನ ಮೇಲಿನ ಪಸೆ ಒಣಗಿತು. ಕೆಚ್ಚಲಿನ ಕೆಂಪು ಕಪ್ಪಿಗೆ ತಿರುಗುತ್ತಿತ್ತು. ಆಕಳು ಕತ್ತು ಚಾಚಿ ಶೇಖಮ್ಮನ ಕಡೆ ನೋಡಿತು. ಮೂಕಪ್ರಾಣಿಯ ಕಣ್ಣಿನಲ್ಲಿ ದೂರು ಇರುವುದಿಲ್ಲ, ಬರೀ ನೋವು ಇರುತ್ತದೆ. ಅದನ್ನು ನೋಡುವುದೇ ಕಷ್ಟ. ಸಂಜೆಗೆ ಇನ್ನೂ ಬಹಳ ಹೊತ್ತಿತ್ತು. ಶೇಖಮ್ಮ ಎದ್ದು ಕೈ ತೊಳೆದಳು, ಹಳೆಯದೊಂದು ಒಡಕು ಗಡಿಗೆ ತಂದಳು, ಆಕಳ ಬಲಮಗ್ಗುಲಿಗೆ ಕುಕ್ಕರುಗಾಲಲ್ಲಿ ಕುಳಿತಳು.

ಬಾಗಿಲಲ್ಲಿ ನೆರಳು ಬಿತ್ತು.

"ಶೇಖವ್ವ, ಕೈ ಹಚ್ಚಬ್ಯಾಡ."

ಶೇಖಮ್ಮ ತಿರುಗಿ ನೋಡಲಿಲ್ಲ. "ಅತ್ತೀ, ಇವತ್ತಿನ ಹಾಲ ಯಾರದ್ರಿ?"

"ಕರದ್ದು. ನಿನಗ ಗೊತ್ತಿಲ್ಲೇನು?"

"ಕರ ಒಲ್ಲೆ ಅಂತದ. ಒಲ್ಲೆ ಅನ್ನಂಗ ನಾವೇ ಮಾಡೀವಿ. ದೇವರ ಪಾಲು ಕರಕ್ಕೂ ಮುಟ್ಟಲಿಲ್ಲ, ಒಳಗ ಕೊಳ್ಯಾಕತ್ತೇದ. ಮಲ್ಲಯ್ಯಗ ಇದು ಬೇಕಾಗೇದೇನ್ರಿ?"

"ಮಲ್ಲಯ್ಯಗ ಏನ ಬೇಕೋ ನಿನ್ನ ಕಿವ್ಯಾಗ ಬಂದು ಹೇಳ್ಯಾನೇನು?"

"ಆಂವ ಹೇಳಿಲ್ರಿ. ಆಕಳ ಹೇಳಾಕತ್ತೇದ."

"ನನ್ನ ಮಗನ ಜೀವದ ಮ್ಯಾಲ ಇಟ್ಟ ಮಾತದು. ಅದು ಮುರದು ಆಂವಗ ಏನರ ಆದ್ರ?"

"ಆಂವ ನಿಮ್ಮ ಮಗ ಅಷ್ಟ ಅಲ್ರಿ, ನನ್ನ ಗಂಡನೂ ಹೌದು. ಏನ ಬರೂದದ ಅದು ನನ್ನ ಕೈಗಿ ಬರ್ಲಿ ಅಂತ ಬೇಡಕೊಂಡೀನಿ. ಹಿಂಡೂದು ನನ್ನ ಕೈ. ಒಂದ ಹನಿ ಮನಿ ಒಳಗ ಒಯ್ಯಂಗಿಲ್ಲ, ಒಂದ ಹನಿ ಯಾರ ಬಾಯಿಗೂ ಬೀಳಂಗಿಲ್ಲ."

ಹೇಳಿ, ಕಣ್ಣು ಮುಚ್ಚಿ ಮಲ್ಲಯ್ಯನನ್ನು ನೆನೆದು, ಕೈ ಹಚ್ಚಿದಳು. ಮೊದಲು ಚೆನ್ನಾಗಿದ್ದ ಮೊಲೆಗಳು. ಅವುಗಳಲ್ಲಿ ಹಾಲು ಹಾಲಿನಂತೆಯೇ ಬಂತು. ಕಡೆಗೆ ಹಿಂದಿನ ಎಡಮೊಲೆ. ಹಿಡಿದ ಕೂಡಲೇ ಆಕಳು ಒದೆಯಿತು, ಗಡಿಗೆ ಉರುಳಿತು. ಇನ್ನೊಮ್ಮೆ ಹಿಡಿದಳು. ಆಕಳ ಕಾಲು ಮೊಣಕೈಗೆ ಬಡಿದು ಕೈ ಮರಗಟ್ಟಿತು.

ಆಗ ಯಾರೋ ಆಕಳ ಮುಂದೆ ಬಂದು ನಿಂತು ಕೊರಳನ್ನು ತಬ್ಬಿ ಹಿಡಿದರು. ಶೇಖಮ್ಮ ತಲೆಯೆತ್ತಿದಳು. ಭೀಮವ್ವ. ಮುಖ ಆಚೆ ತಿರುಗಿಸಿದ್ದಳು. ಆದರೆ ಕೈ ಆಕಳ ಗಂಗೆದೊಗಲನ್ನು ತೀಡುತ್ತಿತ್ತು. "ನಿಂದರವ್ವ, ನಿಂದರು. ಆತು, ಆತು" ಎಂದು, ಕೂಸಿಗೆ ಹೇಳುವಂತೆ ಹೇಳುತ್ತಿದ್ದಳು.

ಮೊಲೆಯಿಂದ ಮೊದಲು ಏನೂ ಬರಲಿಲ್ಲ. ಆಮೇಲೆ ಒಡೆದ ಹಾಲಿನಂಥ ಗಡ್ಡೆ, ಹಿಂದೆಯೇ ಹಳದಿ ನೀರು, ನೀರಿನಲ್ಲಿ ಕೆಂಪು ಎಳೆ.

ಭೀಮವ್ವ ತಿರುಗಿ ನೋಡಿದಳು. ನೋಡಿದವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ನೆಲಕ್ಕ ಬಿಡಬ್ಯಾಡ," ಎಂದಳು ಕಡೆಗೆ. "ಇದು ಬಿದ್ದಲ್ಲೇ ಮತ್ತ ಮಲಗತದ ಆಕಳ. ಗಡಿಗ್ಯಾಗ ಹಿಂಡು, ನಾ ತಿಪ್ಪಿ ಆಚೀಕ ಹುಗದು ಬರ್ತೀನಿ." ಗಡಿಗೆ ಎತ್ತಿಕೊಂಡು ಮಳೆಯಲ್ಲೇ ಹೋದಳು. ಬರುವಾಗ ಸೊಂಟದ ಮೇಲೆ ಬಿಸಿನೀರಿನ ಕೊಡ, ಕೈಯಲ್ಲಿ ಲೋಳಸರದ ಪಟ್ಟಿಗಳಿದ್ದವು.

ಮಂಗಳವಾರವೂ ಅದೇ ಕೆಲಸ. ಹಿಂಡುವುದು, ಬಿಸಿನೀರಿನ ಕಾವು, ಲೋಳಸರಕ್ಕೆ ಅರಿಷಿಣ, ಸುಣ್ಣ ಅರೆದು ಕೆಚ್ಚಲಿಗೆ ಮೆತ್ತುವುದು, ಮತ್ತೆ ಹಿಂಡುವುದು. ಆಕಳು ಸಂಜೆಗೆ ಒಂದು ಹಿಡಿ ಹುಲ್ಲು ತಿಂದಿತು. ಜ್ವರ ಇಳಿಯಿತು. ಮೂರು ಮೊಲೆ ಮೆತ್ತಗೆ ಉಳಿದವು. ನಾಲ್ಕನೆಯದರ ಬಿಸಿಯೂ ಇಳಿಯಿತು, ಆದರೆ ಅದು ಒಳ್ಳೆಯ ಇಳಿತವಲ್ಲ. ಆ ಭಾಗ ತಣ್ಣಗಾಗಿ, ಒಳಗೆ ಗಂಟು ಕಟ್ಟಿ, ಹಿಂಡಿದರೆ ಬರೀ ನೀರು ಬರುತ್ತಿತ್ತು. ಶೇಖಮ್ಮ ತವರಿನಲ್ಲಿ ಇಂಥ ಕೆಚ್ಚಲುಗಳನ್ನು ನೋಡಿದ್ದಳು. ಒಮ್ಮೆ ಹೀಗಾದ ಮೊಲೆ ಮತ್ತೆ ಹಾಲು ಕೊಟ್ಟದ್ದನ್ನು ನೋಡಿರಲಿಲ್ಲ.

ಸಾಬಣ್ಣ ಅದನ್ನು ಅವಳ ಮುಖದಲ್ಲೇ ಓದಿದ. ಕೊಟ್ಟಿಗೆಯ ಕಂಬಕ್ಕೆ ಒರಗಿ ಹುಲ್ಲುಕಡ್ಡಿ ಮುರಿಯುತ್ತ ಹೇಳಿದ. "ನಾಳಿ ಜಲ್ದಿ ಎದ್ದು ತೊಳದು, ಕೋಡಿಗೆ ಎಣ್ಣಿ ಹಚ್ಚಿ, ಬಂಡಿ ಹಿಂದ ಕಟ್ಟಿ ಬಿಡೂನು. ಬಾವು ಇಳದದ. ಬೇಗಮ್ಮ ಏನು ಬಗ್ಗಿ ಮೊಲಿ ಹಿಡದು ನೋಡಾಕಿ ಅಲ್ಲ."

"ಯಾದಗೀರಿಗೆ ಹೋಗಿ ಹಿಂಡಾಕ ಕುಂದರತಾಳಲ್ರಿ?"

"ದಾರ್‍ಯಾಗ ಆತು ಅಂತ ತಿಳೀತಾಳ. ಅಷ್ಟ ದೂರ ನಡಕೋತ ಹೋಗೂ ಆಕಳ. ಕಲ್ಲು, ಮುಳ್ಳು, ಏನರ ಬಡೀಬಹುದು." ಅವನು ದನಿ ತಗ್ಗಿಸಿದ. "ನಿನ್ನ ಕರದ ಸಲೇಕ ಹೇಳಾಕತ್ತೀನಿ. ನನಗೇನು ಬರೂದದ."

ಅದು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಮನುಷ್ಯ ಕೆಟ್ಟವನಲ್ಲ. ಹೆಂಡತಿಯ ಆಸೆ ಅವನಿಗೂ ಆಸೆಯಾಗಿತ್ತು, ಅಷ್ಟೆ. ಅವಳು ಕರುವಿನ ಹತ್ತಿರ ಹೋದಳು. ಕರು ಅವಳ ಸೆರಗನ್ನು ಬಾಯಲ್ಲಿ ಹಿಡಿದು ಚೀಪಿತು. ಹಣೆಯಲ್ಲಿ ತಾಯಿಯಂಥದೇ ಬಿಳಿ ಚುಕ್ಕೆ. ಎರಡು ವರ್ಷ ತಡೆದರೆ ಇದೇ ಕರು ಆಕಳಾಗಿ ಈ ಅಂಗಳದಲ್ಲಿ ನಿಲ್ಲುತ್ತದೆ. ಮಾಡಬೇಕಾದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅಷ್ಟು ಸುಲಭದ ಪಾಪ ಅವಳಿಗೆ ಹಿಂದೆಂದೂ ಎದುರಾಗಿರಲಿಲ್ಲ.

"ಆಕೀಗೆ ಗಂಡ ಇಲ್ಲ, ನೌಕರಿ ಇಲ್ಲ. ಈ ಕೆಚ್ಚಲ ನಂಬಿ ತಂಗಿ ಮನಿಗೆ ಹೊಂಟಾಳ," ಎಂದಳು, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ.

"ಹಂಗಂತ ಕರ ಕೊಡ್ತೀಯೇನು? ಕೊಟ್ಟು ಖಾಲಿ ಗೂಟ ನೋಡ್ಕೋತ ಕುಂದರತೀ?"

ಭೀಮವ್ವ ಪಡಸಾಲೆಯಲ್ಲಿ ಕುಳಿತು ಎಲ್ಲ ಕೇಳುತ್ತಿದ್ದಳು. ಮಗನ ಮಾತಿಗೂ ಹೂಂ ಅನ್ನಲಿಲ್ಲ, ಸೊಸೆಯ ಮಾತಿಗೂ ಹೂಂ ಅನ್ನಲಿಲ್ಲ. ಎದುರಿಗಿಟ್ಟ ರೊಟ್ಟಿ ಮುರಿಯದೆ ಹಾಗೇ ಬುಟ್ಟಿಗೆ ತಿರುಗಿ ಇಟ್ಟಳು.

ಬುಧವಾರ ಮಳೆ ಬಿಟ್ಟಿತ್ತು. ಬಿಸಿಲು ಬಿದ್ದು ಎರೆಮಣ್ಣಿನಿಂದ ಉಗಿ ಏಳುತ್ತಿರುವಾಗ ಸುಲ್ತಾನಸಾಬನ ಕಮಾನು ಬಂಡಿ ಓಣಿಗೆ ಬಂತು. ಬಂಡಿಯಲ್ಲಿ ಟ್ರಂಕು, ಹಾಸಿಗೆ ಗಂಟು, ಎರಡು ಹಿತ್ತಾಳೆ ಪಾತ್ರೆ. ಕುಬ್ರಾಬೇಗಂ ಬುರಖಾದ ಮುಸುಕು ಮೇಲೆತ್ತಿ, ಕೆಸರು ನೋಡಿಕೊಂಡು ಮೆಲ್ಲಗೆ ಇಳಿದಳು. ಮೊದಲಿಗಿಂತ ಬಡಕಲಾಗಿದ್ದಳು.

"ಖೈರಿಯತ್ ಅದೀರೇನು ಭೀಮಕ್ಕಾ? ಮಳಿ ಏನ ಮಳಿ. ಬಂಡಿ ಎರಡ ಸಲ ಹುಗೀತು. ಸುಲ್ತಾನಸಾಬ ಎತ್ತಿಗೂ ಬೈದಾನ, ನನಗೂ ಬೈದಾನ."

"ಎತ್ತಿಗೆ ಬೈದೆ ಅಮ್ಮಾ. ನೀವು ನಡುವ ಬಂದು ಬೈಸಿಕೊಂಡ್ರಿ," ಎಂದ ಸುಲ್ತಾನಸಾಬ ನೊಗ ಇಳಿಸುತ್ತ.

ಸಾಬಣ್ಣ ಅವಸರ ಅವಸರವಾಗಿ ಚಂದ್ರಿಯನ್ನು ಹಿಡಿದು ತಂದ. ತೊಳೆದ ಮೈ ಬಿಸಿಲಿಗೆ ಹೊಳೆಯುತ್ತಿತ್ತು, ಕೋಡಿಗೆ ಎಣ್ಣೆ ಹಚ್ಚಿತ್ತು. ಬೇಗಂ ಆಕಳ ಹಣೆ ಮುಟ್ಟಿ, ಕತ್ತು ಸವರಿ, "ಚಲೋ ಇಟ್ಟೀರಿ" ಎಂದಳು. ಕೆಚ್ಚಲಿನ ಕಡೆ ನೋಡಲೇ ಇಲ್ಲ. ಸಾಬಣ್ಣ ಹಗ್ಗವನ್ನು ಬಂಡಿಯ ಹಿಂದೆ ಕಟ್ಟತೊಡಗಿದ.

"ನಾಕೂ ಚಲೋ ಅದಾವಲ್ಲ, ಶೇಖಮ್ಮ?" ಎಂದಳು ಬೇಗಂ, ನಗುತ್ತ. "ರಿವಾಜು ಅಂತ ಕೇಳ್ದೆ ಬಿಡು. ನಿಮ್ಮ ಮ್ಯಾಲ ಭರೋಸಾ ಇಲ್ಲ ಅಂತ ಅಲ್ಲ."

ಸಾಬಣ್ಣನ ಕೈ ಗಂಟಿನ ಮೇಲೆ ನಿಂತಿತು. ಹೌದ್ರಿ ಎಂಬ ಮಾತು ಶೇಖಮ್ಮನ ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಅದನ್ನು ಹಿಂದಕ್ಕೆ ನುಂಗಿದಳು.

"ಇಲ್ರಿ ಬೇಗಮ್ಮಾರ. ಹಿಂದಿಂದು ಎಡಗಡಿ ಮೊಲಿ ಹೋಗೇದ್ರಿ."

ಬೇಗಂನ ನಗು ಮುಖದ ಮೇಲೇ ಉಳಿದು, ಮೆಲ್ಲಗೆ ಆರಿತು. ಕೆಸರಿನಲ್ಲೇ ಕುಕ್ಕರಿಸಿ ಕೆಚ್ಚಲಿಗೆ ಕೈ ಹಾಕಿದಳು. ಗಂಟು ಕೈಗೆ ಸಿಕ್ಕಿತು. "ಯಾವಾಗ?"

"ಸೋಮವಾರ ಕಂಡಿತ್ರಿ. ಕರ ಬಿಡಸಾಕ ಹೋಗಿ ಹೆಂಡಿ ಸವರಿದ್ವಿ. ಹಸೀ ನೆಲದಾಗ ಕಟ್ಟಿದ್ವಿ. ಹಾಲ ಒಳಗೇ ನಿಂದರ್ತು. ಹಿಂಡೂದು ತಡ ಆತು." ಒಂದೊಂದೇ ಮಾತು ಕಲ್ಲಿನಂತೆ ಇಳಿಸುತ್ತ ಹೋದಳು. "ಉಳದಿದ್ದು ಚಲೋ ಅದಾವ್ರಿ. ಮೊದಲ ಅವನ್ನ ಹಿಂಡ್ರಿ, ಇದನ್ನ ಕಡೀಕ. ಕೈ ತೊಳಕೊಂಡು ಮತ್ತ ಬ್ಯಾರೇದಕ್ಕ ಹಚ್ರಿ. ಹಿಂಡಿದ ಮ್ಯಾಲ ಜರಾ ಹೊತ್ತು ಮಲಗಾಕ ಬಿಡಬ್ಯಾಡ್ರಿ, ಮುಂದ ಮೇವು ಹಾಕಿ ನಿಂದರಸ್ರಿ."

ಸಾಬಣ್ಣ ಮುಂದೆ ಬಂದ. "ಬೇಗಮ್ಮಾರ, ರೋಗಕ್ಕ ಯಾರೇನ ಮಾಡ್ತಾರ್ರಿ? ಮುಂದಿನ ಸುಗ್ಗಿಗೆ ಏನರ ದಾರಿ ಮಾಡೂನಂತ. ಕರ ಇನ್ನೂ ಎಳೇದು, ಅಷ್ಟ ದೂರ ನಡೀಲಾರ್ದು..."

ಬೇಗಂ ಎದ್ದು ನಿಂತಳು. ಕೈಗೆ ಹತ್ತಿದ ಕೆಸರನ್ನು ನೋಡುತ್ತ ಹೇಳಿದಳು. "ನಾ ಏನ ಹೇಳ್ಲಿ ಸಾಬಣ್ಣ. ರಿವಾಜು ನಿನಗೂ ಗೊತ್ತದ, ನನಗೂ ಗೊತ್ತದ. ಬಾಯಿ ಬಿಟ್ಟು ಕೇಳಾಕ ಶರಮ್ ಆಗ್ತದ. ಬ್ಯಾಡ ಬಿಡ್ರಿ ಅಂತ ದೊಡ್ಡ ಮಾತ ಆಡಾಕ ನನ್ನ ಹಂತೇಲಿ ಏನೂ ಉಳದಿಲ್ಲ."

ಸುಲ್ತಾನಸಾಬ ಎತ್ತುಗಳ ಕಡೆ ತಿರುಗಿ ನಿಂತ. ಮಾತು ಆಡುವಷ್ಟು ಬಲ ಶೇಖಮ್ಮನಲ್ಲಿತ್ತು, ಕರುವನ್ನು ಬಿಚ್ಚಿ ತರುವಷ್ಟು ಉಳಿದಿರಲಿಲ್ಲ.

ಒಳಗೆ ಗೂಟದ ಸಪ್ಪಳವಾಯಿತು. ಭೀಮವ್ವ ಕೊಟ್ಟಿಗೆಯಿಂದ ಬಂದಳು, ಹಿಂದೆ ಕರು. ಸೊಸೆಯ ಮುಂದೆ ಬಂದಾಗ ಅರೆಗಳಿಗೆ ನಿಂತಳು. ಶೇಖಮ್ಮ ಕರುವಿನ ಹಣೆಯ ಚುಕ್ಕೆಯ ಮೇಲೆ ಅಂಗೈ ಇಟ್ಟು, ತೆಗೆದಳು. ಭೀಮವ್ವ ಮುಂದೆ ನಡೆದಳು. ಕರು ತಾಯಿಯನ್ನು ಕಂಡು ಜಗ್ಗಿತು. ಹೋಗಿ ಬಲಗಡೆಯ ಮೊಲೆಗೆ ಬಾಯಿ ಹಾಕಿತು. ಈ ಸಲ ಯಾರೂ ಅದನ್ನು ಎಳೆಯಲಿಲ್ಲ.

ಭೀಮವ್ವ ಕುಬ್ರಾಬೇಗಂನ ಕೆಸರು ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು. ಆ ಅಂಗೈಯಲ್ಲಿ ಕರುವಿನ ಹಗ್ಗ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದಳು.